ಪಿಸಿಟಿ ಪೇಟೆಂಟ್ ಅರ್ಜಿಯ ಹಾಳೆ ಮತ್ತು ಚಿತ್ರಗಳ ನಿಯಮಗಳೇನು?

ಪ್ರಶ್ನೆ:
ನೀರಿನ ಕವಾಟವೊಂದರ ಸುಧಾರಣೆಗಾಗಿ, ಒಂದೇ ಅರ್ಜಿಯ ಮೂಲಕ ಹಲವು ದೇಶಗಳಲ್ಲಿ ಪೇಟೆಂಟ್ ಕೋರಲು ದಾರಿ ಮಾಡಿಕೊಡುವ ಪೇಟೆಂಟ್ ಸಹಕಾರ ಒಪ್ಪಂದದ (ಪಿಸಿಟಿ) ಅಡಿಯಲ್ಲಿ ಅರ್ಜಿ ಸಲ್ಲಿಸಲು ಸಿದ್ಧತೆ ನಡೆಸಿದ್ದೇನೆ. ವಿವರಣೆ, ಕ್ಲೇಮುಗಳು (ಯಾವುದಕ್ಕೆ ರಕ್ಷಣೆ ಬೇಕೆಂದು ಹೇಳುವ ಭಾಗ) ಮತ್ತು ಸಾರಾಂಶವನ್ನು ಒಂದರ ಕೆಳಗೊಂದರಂತೆ ಬರೆದು, ಚಿತ್ರಗಳಲ್ಲಿ ಬಿಡಿಭಾಗಗಳ ಹೆಸರುಗಳನ್ನು ಬಣ್ಣದ ಅಕ್ಷರಗಳಲ್ಲಿ ನಮೂದಿಸಿದ್ದೇನೆ. ಹೀಗೆಯೇ ಸಲ್ಲಿಸಬಹುದೇ? ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1:
ಸಲ್ಲಿಸಬಾರದು. ನೀವು ಹೇಳಿದ ಪ್ರತಿಯೊಂದು ಭಾಗವೂ ಹೊಸ ಹಾಳೆಯಿಂದಲೇ ಆರಂಭವಾಗಬೇಕು. ಹಾಳೆ ಎ4 ಅಳತೆಯದ್ದಾಗಿದ್ದು, ಪಠ್ಯದ ಪುಟಗಳಲ್ಲಿ ಎಡಕ್ಕೆ ಕನಿಷ್ಠ 2.5 ಸೆಂ.ಮೀ., ಉಳಿದ ಮೂರು ಬದಿಗಳಲ್ಲಿ ಕನಿಷ್ಠ 2 ಸೆಂ.ಮೀ. ಅಂಚು ಬಿಡಬೇಕು. ಪುಟಸಂಖ್ಯೆ ಮೇಲೆ ಅಥವಾ ಕೆಳಗೆ ನಡುವಿನಲ್ಲಿರಬೇಕು, ಆದರೆ ಈ ಅಂಚಿನ ಜಾಗದೊಳಗೆ ಬರಕೂಡದು. ಅನೇಕರು ಗಮನಿಸದೆ ಬಿಡುವುದು ಇದನ್ನೇ.

ಉತ್ತರ 2:
ಚಿತ್ರಗಳ ಬಗ್ಗೆ ಹೆಚ್ಚು ಎಚ್ಚರ ವಹಿಸಿ. ರೇಖೆಗಳು ಬಣ್ಣವಿಲ್ಲದೆ, ಗಾಢ ಕಪ್ಪಾಗಿರಬೇಕು. ‘ನೀರು’, ‘ತೆರೆದಿದೆ’ ಎಂಬಂತಹ ತೀರಾ ಅನಿವಾರ್ಯ ಪದಗಳನ್ನು ಬಿಟ್ಟರೆ ಚಿತ್ರದಲ್ಲಿ ಬರಹಕ್ಕೆ ಅವಕಾಶವಿಲ್ಲದ ಕಾರಣ, ಬಿಡಿಭಾಗಗಳ ಹೆಸರುಗಳನ್ನು ತೆಗೆದು ಸಂಖ್ಯೆಗಳನ್ನು ಕೊಡಿ. ಕವಾಟದ ಮುಚ್ಚಳಕ್ಕೆ 12 ಎಂದು ಕೊಟ್ಟರೆ ಎಲ್ಲ ಚಿತ್ರಗಳಲ್ಲೂ ಅದು 12 ಆಗಿಯೇ ಉಳಿಯಬೇಕು. ವಿವರಣೆಯಲ್ಲಿ ಬಾರದ ಸಂಖ್ಯೆ ಚಿತ್ರದಲ್ಲಿ ಇರಕೂಡದು, ಚಿತ್ರದಲ್ಲಿಲ್ಲದ ಸಂಖ್ಯೆ ವಿವರಣೆಯಲ್ಲೂ ಬರಕೂಡದು.

ಉತ್ತರ 3:
ಮೇಲಿನ ಸಲಹೆಗಳು ಸರಿಯಾಗಿವೆ. ಆದರೆ ಅಂಚನ್ನು ತಿದ್ದುತ್ತಾ ಅರ್ಜಿ ಸಲ್ಲಿಸುವ ಗಡುವನ್ನು ಮೀರಬೇಡಿ ಎಂಬುದು ನನ್ನ ಕಳಕಳಿಯ ವಿನಂತಿ. ರೂಪದ ದೋಷಗಳಿದ್ದರೆ ಅರ್ಜಿ ಸ್ವೀಕರಿಸುವ ಕಚೇರಿಯೇ ಪತ್ರ ಕಳುಹಿಸಿ, ತಿದ್ದಲು 2 ತಿಂಗಳ ಕಾಲಾವಕಾಶ ಕೊಡುತ್ತದೆ. ಈ ಮೊದಲೇ ಒಂದು ದೇಶದಲ್ಲಿ ಅರ್ಜಿ ಹಾಕಿದ್ದರೆ, ಅದರ ಆದ್ಯತೆಯನ್ನು (ಆ ಮೊದಲ ಅರ್ಜಿಯ ದಿನಾಂಕವನ್ನೇ ಹೊಸ ಅರ್ಜಿಗೂ ಲೆಕ್ಕಕ್ಕೆ ತೆಗೆದುಕೊಳ್ಳುವ ಹಕ್ಕನ್ನು) ಪಡೆಯಲು ಇರುವುದು ಆ ದಿನದಿಂದ 12 ತಿಂಗಳು ಮಾತ್ರ. ಮೂಲ ಅರ್ಜಿಯಲ್ಲಿ ಹೇಳದ ತಾಂತ್ರಿಕ ಅಂಶವನ್ನು ತಿದ್ದುಪಡಿಯ ಹೆಸರಿನಲ್ಲಿ ಆಮೇಲೆ ಸೇರಿಸಲು ಬರುವುದಿಲ್ಲವಾದ್ದರಿಂದ, ಮೊದಲು ವಿವರಣೆಯನ್ನು ಪೂರ್ಣಗೊಳಿಸಿ.