ಒಂದೇ ಹುದ್ದೆಗೆ ಇಬ್ಬರು ರಿಕ್ರೂಟರ್‌ಗಳು ಕರೆ ಮಾಡಿದರೆ ಯಾರಿಗೆ ಹೂಂ ಅನ್ನಬೇಕು?

ಪ್ರಶ್ನೆ: ಲೆಕ್ಕದ_ಪುಸ್ತಕ

ಅಕೌಂಟ್ಸ್‌ನಲ್ಲಿ 6 ವರ್ಷ ಅನುಭವ, ಈಗ ಕೆಲಸ ಹುಡುಕುತ್ತಿದ್ದೇನೆ. ಎರಡು ಬೇರೆ ಕನ್ಸಲ್ಟೆನ್ಸಿಗಳಿಂದ ಒಂದೇ ವಾರದಲ್ಲಿ ಫೋನ್ ಬಂದಿದೆ. ಇಬ್ಬರೂ ಕಂಪನಿಯ ಹೆಸರು ಹೇಳುತ್ತಿಲ್ಲ, ಆದರೆ ಕೆಲಸದ ವಿವರ ಕೇಳಿದರೆ ಒಂದೇ ಹುದ್ದೆ ಅನ್ನಿಸುತ್ತದೆ. ಇಬ್ಬರಿಗೂ ರೆಸ್ಯೂಮೆ ಕೊಟ್ಟರೆ ಒಳ್ಳೆಯದಾ, ತೊಂದರೆಯಾ? ಸಂಬಳದ ವಿಷಯ ಮೊದಲ ಕರೆಯಲ್ಲೇ ಕೇಳುತ್ತಾರೆ, ಹೇಳಲೇಬೇಕಾ? ಇನ್ನೊಂದು ಕಡೆ ಇಂಟರ್‌ವ್ಯೂ ಮುಗಿದು 10 ದಿನವಾದರೂ ಸುದ್ದಿಯಿಲ್ಲ. ಎಷ್ಟು ಸಲ ವಿಚಾರಿಸಬಹುದು?

ಉತ್ತರ: ನೇಮಕಾತಿ_ಮೇಜು

ತೊಂದರೆಯೇ. ಕನ್ಸಲ್ಟೆನ್ಸಿಗೆ ಶುಲ್ಕ ಕೊಡುವುದು ಕಂಪನಿ, ಸಾಮಾನ್ಯವಾಗಿ ನಿಮ್ಮ ಮೊದಲ ವರ್ಷದ ಸಂಬಳದ ಇಂತಿಷ್ಟು ಶೇಕಡಾ ಎಂದು. ಹೆಚ್ಚಿನ ಒಪ್ಪಂದಗಳಲ್ಲಿ ನೀವು ಸೇರಿದರೆ ಮಾತ್ರ ಆ ಹಣ. ಒಂದೇ ಹೆಸರು ಎರಡು ಕಡೆಯಿಂದ ಹೋದರೆ ಶುಲ್ಕ ಯಾರಿಗೆ ಅನ್ನುವ ಜಗಳ ಹುಟ್ಟುತ್ತದೆ. ಕಂಪನಿಯ ಅರ್ಜಿ ಸಾಫ್ಟ್‌ವೇರ್ ಸಾಮಾನ್ಯವಾಗಿ ಈಮೇಲ್, ಫೋನ್ ನಂಬರ್ ತಾಳೆ ನೋಡಿ ಎರಡನೆಯದನ್ನು ಡೂಪ್ಲಿಕೇಟ್ ಎಂದು ತೋರಿಸುತ್ತದೆ. ಕೆಲವು ಕಂಪನಿಗಳು ಮೊದಲು ಬಂದದ್ದನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತವೆ. ಕೆಲವು ರಗಳೆಯೇ ಬೇಡವೆಂದು ಅಭ್ಯರ್ಥಿಯನ್ನೇ ಕೈಬಿಡುತ್ತವೆ. ನೀವೇ ನೇರವಾಗಿ ಅರ್ಜಿ ಹಾಕಿದ ಮೇಲೆ ಕನ್ಸಲ್ಟೆನ್ಸಿಯಿಂದ ಹೋದರೂ ಇದೇ ಕತೆ. ನಿಮ್ಮ ಹೆಸರು ಕಳುಹಿಸಿದ ಕನ್ಸಲ್ಟೆನ್ಸಿಗೆ ಶುಲ್ಕ ಕೇಳುವ ಹಕ್ಕು ಬಹಳಷ್ಟು ಒಪ್ಪಂದಗಳಲ್ಲಿ 6 ಅಥವಾ 12 ತಿಂಗಳು ಇರುತ್ತದೆ, ಹಾಗಾಗಿ ಒಂದು ಸಡಿಲ "ಹೂಂ" ವರ್ಷವಿಡೀ ಕಾಡಬಹುದು.

ಮೊದಲ ಕರೆಯಲ್ಲಿ ಕಂಪನಿಯ ಹೆಸರು ಮುಚ್ಚಿಡುವುದು ಸಹಜ. ನೀವು ನೇರವಾಗಿ ಅರ್ಜಿ ಹಾಕಿಬಿಡುತ್ತೀರಿ ಅನ್ನುವ ಭಯ ಅವರಿಗೆ. ಆದರೆ ರೆಸ್ಯೂಮೆ ಕಳುಹಿಸುವ ಮುನ್ನ ಹೆಸರು ಹೇಳಲೇಬೇಕು. ಹೇಳದಿದ್ದರೆ ಒಪ್ಪಿಗೆ ಕೊಡಬೇಡಿ. ಕೊಡುವಾಗ ಬರಹದಲ್ಲಿ ಕೊಡಿ:

"ಇಂಥ ಕಂಪನಿಯ ಹಿರಿಯ ಅಕೌಂಟೆಂಟ್ ಹುದ್ದೆಗೆ ಮಾತ್ರ ನನ್ನ ರೆಸ್ಯೂಮೆ ಕಳುಹಿಸಲು ಒಪ್ಪಿದ್ದೇನೆ. ಬೇರೆ ಹುದ್ದೆಗೆ ಅಥವಾ ಬೇರೆ ಕಂಪನಿಗೆ ಕಳುಹಿಸುವ ಮೊದಲು ನನ್ನನ್ನು ಕೇಳಿ. ಕಳುಹಿಸಿದ ದಿನ ಒಂದು ಸಾಲು ಬರೆದು ತಿಳಿಸಿ."

ಇಬ್ಬರಲ್ಲಿ ಯಾರನ್ನು ಆರಿಸಬೇಕು? ಹೈರಿಂಗ್ ಮ್ಯಾನೇಜರ್ (ಆ ಹುದ್ದೆಗೆ ಜನರನ್ನು ಆರಿಸುವ ಕಂಪನಿಯ ಮ್ಯಾನೇಜರ್) ಜೊತೆ ಯಾರು ಮಾತಾಡಿದ್ದಾರೋ ಅವರನ್ನು. ಅದು ತಿಳಿಯಲು ಇಬ್ಬರನ್ನೂ ಕೇಳಿ: ಹುದ್ದೆ ಹೊಸದಾ, ಬಿಟ್ಟುಹೋದವರ ಜಾಗವಾ? ಎಷ್ಟು ರೌಂಡ್? ಈಗಾಗಲೇ ಎಷ್ಟು ಜನರ ಇಂಟರ್‌ವ್ಯೂ ಆಗಿದೆ? ಹಿಂದೆ ಕಳುಹಿಸಿದವರನ್ನು ಯಾಕೆ ಬೇಡವೆಂದರು? ಕೊನೆಯ ಪ್ರಶ್ನೆಗೆ "ಆಡಿಟ್ ಗೊತ್ತಿತ್ತು, ತಿಂಗಳ ಕೊನೆಯ ಲೆಕ್ಕ ಮುಗಿಸಿ ಅಭ್ಯಾಸ ಇರಲಿಲ್ಲ" ಎಂಬಂಥ ಉತ್ತರ ಬಂದರೆ ಅವರಿಗೆ ಒಳಗಿನ ವಿಷಯ ಗೊತ್ತಿದೆ. ಜಾಹೀರಾತನ್ನೇ ಓದಿ ಹೇಳುವವರ ಬಳಿ ನಿಮಗೆ ಸಿಗುವುದು ಆ ಜಾಹೀರಾತು ಮಾತ್ರ.

ಉತ್ತರ: ಅಂಕಿ_ಸಂಖ್ಯೆ

ಸಂಬಳದ ಬಗ್ಗೆ. ಹಳೆಯ ಸಂಬಳ ಕೇಳುವುದನ್ನೇ ಕೆಲವು ಕಡೆ ಕಾನೂನು ನಿಷೇಧಿಸಿದೆ, ನಿಮ್ಮಲ್ಲಿ ಹೇಗೆಂದು ನೋಡಿಕೊಳ್ಳಿ. ಅದನ್ನು ಹೇಳದೆಯೂ ಮಾತು ಮುಂದುವರಿಸಬಹುದು: "ಈ ಹುದ್ದೆಗೆ ಎಷ್ಟರಿಂದ ಎಷ್ಟರವರೆಗೆ ಇಟ್ಟಿದ್ದಾರೆ?" ಎಂದು ಮೊದಲು ಕೇಳಿ. ನಿಮ್ಮ ನಿರೀಕ್ಷೆಯನ್ನಂತೂ ಹೇಳಲೇಬೇಕು, ಇಲ್ಲದಿದ್ದರೆ ನಾಲ್ಕು ರೌಂಡ್ ಮುಗಿದ ಮೇಲೆ ಹೊಂದಲಿಲ್ಲವೆಂದು ಎಲ್ಲರ ಸಮಯ ಹಾಳು. "ಇಷ್ಟರಿಂದ ಇಷ್ಟು" ಎಂದರೆ ಅವರ ಕಿವಿಗೆ ಬೀಳುವುದು ಕೆಳಗಿನ ಅಂಕಿ, ಆದ್ದರಿಂದ ಒಪ್ಪಿಕೊಳ್ಳಲಾಗದ ಅಂಕಿಯನ್ನು ಕೆಳತುದಿಗೆ ಇಡಬೇಡಿ. ನಿಗದಿತ ಸಂಬಳ, ಬೋನಸ್ ಬೇರೆ ಬೇರೆ ಹೇಳಿ. ಹಳೆಯ ಸಂಬಳ ಹೇಳುವುದಾದರೆ ಒಂದು ಪೈಸೆಯೂ ಏರಿಸಬೇಡಿ, ಆಮೇಲೆ ಸಂಬಳದ ಚೀಟಿ ಕೇಳಿದಾಗ ಆಫರ್ ಕೈತಪ್ಪುತ್ತದೆ.

ಶುಲ್ಕ ಶೇಕಡಾ ಲೆಕ್ಕವಾದ್ದರಿಂದ ರಿಕ್ರೂಟರ್ ನಿಮಗಾಗಿ ಹೋರಾಡುತ್ತಾರೆ ಎಂದು ಹಲವರು ನಂಬುತ್ತಾರೆ. ಲೆಕ್ಕ ಹಾಕಿ. ಶುಲ್ಕ ಶೇ. 20 ಅಂದುಕೊಂಡರೆ, ಸಂಬಳ 100ಕ್ಕೆ ಅವರಿಗೆ 20. ನೀವು ಪಟ್ಟುಹಿಡಿದು 105 ಮಾಡಿಸಿದರೆ 21. ಆ ಒಂದಕ್ಕಾಗಿ 20 ಕಳೆದುಕೊಳ್ಳುವ ಅಪಾಯ ಅವರಿಗೆ ಬೇಡ. ಅವರು ಕೆಟ್ಟವರೆಂದಲ್ಲ, ನಿಮ್ಮ ಗಟ್ಟಿ ಅಂಕಿಯನ್ನು ಕಾರಣ ಸಮೇತ ನೀವೇ ಅವರ ಕೈಗೆ ಕೊಡಬೇಕು.

ಉತ್ತರ: ಎರಡನೇ_ಸುತ್ತು

10 ದಿನದ ಮೌನಕ್ಕೆ ಕಾರಣ ಹಲವು. ಹುದ್ದೆಯ ಮಂಜೂರಾತಿ ನಿಂತಿರಬಹುದು, ಮೊದಲ ಆಯ್ಕೆಯವರಿಗೆ ಆಫರ್ ಹೋಗಿ ನಿಮ್ಮನ್ನು ಎರಡನೆಯವರಾಗಿ ಇಟ್ಟುಕೊಂಡಿರಬಹುದು, ಅಥವಾ ರಿಕ್ರೂಟರ್‌ಗೂ ಕಂಪನಿಯವರು ಏನೂ ಹೇಳಿಲ್ಲದಿರಬಹುದು. "ಏನಾಯ್ತು?" ಎಂದು ಕೇಳಿದರೆ ಅವರ ಬಳಿ ಉತ್ತರ ಇರುವುದಿಲ್ಲ, ಫೋನ್ ಎತ್ತುವುದಿಲ್ಲ. "ಹುದ್ದೆ ಇನ್ನೂ ತೆರೆದಿದೆಯಾ?" ಎಂದು ಕೇಳಿ, ಒಂದೇ ಪದದಲ್ಲಿ ಉತ್ತರಿಸಬಹುದು. ಈಗ ಒಂದು ಸಂದೇಶ, ಒಂದು ವಾರ ಬಿಟ್ಟು ಇನ್ನೊಂದು, ಅಲ್ಲಿಗೆ ಬಿಟ್ಟುಬಿಡಿ.

ಮುಂದಿನ ಸಲ ಇಂಟರ್‌ವ್ಯೂ ಆದ ದಿನವೇ ರಿಕ್ರೂಟರ್‌ಗೆ ಫೋನ್ ಮಾಡಿ, ಏನು ಕೇಳಿದರು, ಎಲ್ಲಿ ತಡವರಿಸಿದಿರಿ ಎಂದು ಹೇಳಿ. ಆ ತಡವರಿಕೆಯನ್ನು ಸರಿಪಡಿಸುವ ಒಂದು ಮಾತನ್ನು ಅವರು ಮ್ಯಾನೇಜರ್‌ಗೆ ದಾಟಿಸಬಲ್ಲರು. ಬೇರೆ ಕಡೆ ಆಫರ್ ಬಂದಿದ್ದರೆ ಉತ್ತರ ಕೊಡಬೇಕಾದ ತಾರೀಖು ತಿಳಿಸಿ. ಇಲ್ಲದ ಆಫರ್ ಮಾತ್ರ ಹುಟ್ಟಿಸಬೇಡಿ.

ಉತ್ತರ: ಕಡತ_ಪರಿಶೀಲನೆ

ಒಂದು ಸಣ್ಣ ವಿಷಯ. ಕನ್ಸಲ್ಟೆನ್ಸಿಯವರು ವರ್ಡ್ ಫೈಲ್ ಕೇಳುವುದು ನಿಮ್ಮ ಫೋನ್ ನಂಬರ್ ತೆಗೆದು ತಮ್ಮ ಹೆಸರು ಹಾಕಲು. ಕಂಪನಿಗೆ ಹೋದ ಪ್ರತಿಯನ್ನು ಕೇಳಿ ಪಡೆಯಿರಿ. ತಾರೀಖು ಅದಲುಬದಲಾಗಿದ್ದರೆ, ಗೊತ್ತಿಲ್ಲದ ಸಾಫ್ಟ್‌ವೇರ್ ಹೆಸರು ಸೇರಿದ್ದರೆ ಇಂಟರ್‌ವ್ಯೂನಲ್ಲಿ ಉತ್ತರಿಸಬೇಕಾದವರು ನೀವು. ಬ್ಯಾಂಕ್ ವಿವರ ಆಫರ್‌ಗೆ ಮೊದಲು ಬೇಡ. ನಿಮ್ಮಿಂದಲೇ ಶುಲ್ಕ ಕೇಳಿದರೆ ಮಾತು ಅಲ್ಲಿಗೇ ನಿಲ್ಲಿಸಿ.

ಮರುಪ್ರಶ್ನೆ: ಲೆಕ್ಕದ_ಪುಸ್ತಕ

ಎಲ್ಲರಿಗೂ ಧನ್ಯವಾದ. ಆದರೆ ಫೋನ್‌ನಲ್ಲಿ ಇಬ್ಬರಿಗೂ "ಕಳುಹಿಸಿ" ಅಂದಾಗಿದೆ. ಈಗೇನು ಮಾಡಲಿ?

ಉತ್ತರ: ನೇಮಕಾತಿ_ಮೇಜು

ಇವತ್ತೇ ಇಬ್ಬರಿಗೂ ಈಮೇಲ್ ಮಾಡಿ, ಯಾವ ಕಂಪನಿಗೆ, ಯಾವ ದಿನ ಕಳುಹಿಸಿದ್ದೀರಿ ಎಂದು ಕೇಳಿ. ಒಬ್ಬರು ಇನ್ನೂ ಕಳುಹಿಸಿಲ್ಲದಿದ್ದರೆ ಅವರಿಗೆ "ಈ ಹುದ್ದೆಗೆ ಈಗಾಗಲೇ ಬೇರೆಯವರ ಮೂಲಕ ಹೋಗಿದೆ, ದಯವಿಟ್ಟು ಕಳುಹಿಸಬೇಡಿ, ಮುಂದಿನ ಹುದ್ದೆಗೆ ನಿಮ್ಮ ಜೊತೆ ಮಾತಾಡುತ್ತೇನೆ" ಎಂದು ಬರೆಯಿರಿ. ಇಬ್ಬರೂ ಕಳುಹಿಸಿಬಿಟ್ಟಿದ್ದರೆ ನಿಜವನ್ನು ಇಬ್ಬರಿಗೂ ಹೇಳಿ, ಮೊದಲು ಒಪ್ಪಿಗೆ ಕೊಟ್ಟದ್ದು ಯಾರಿಗೆ, ಯಾವ ದಿನ ಎಂದು ತಿಳಿಸಿ, ಎರಡನೆಯವರಿಗೆ ಹೆಸರು ಹಿಂತೆಗೆದುಕೊಳ್ಳಲು ಕೇಳಿ. ಕಂಪನಿಯವರೇ ಪತ್ತೆಹಚ್ಚುವ ಮೊದಲು ಇದು ಆಗಬೇಕು.