ಚರ್ಚಿನ ಮದುವೆಯಲ್ಲಿ ಪ್ರಸಾದ ತೆಗೆದುಕೊಳ್ಳಬಹುದೇ ಎಂದು ಕೇಳಿದ್ದಕ್ಕೆ

ಎಲ್ಲರಿಗೂ ನಮಸ್ಕಾರ. ಬೆಳಿಗ್ಗೆ ಅಣ್ಣನ ಮಗಳು ಈ ಗುಂಪಿನಲ್ಲಿ ಕೇಳಿದ್ದಳು: ಬರುವ ವಾರ ಅವಳ ಸಹೋದ್ಯೋಗಿಯ ಮದುವೆ ಮಂಗಳೂರಿನ ಚರ್ಚೊಂದರಲ್ಲಿದೆ, ಮನೆಯಿಂದ ಐದು ಜನ ಹೊರಟಿದ್ದೇವೆ, ಚಪ್ಪಲಿ ಹೊರಗೆ ಬಿಡಬೇಕೇ, ಕುಂಕುಮ ಇಟ್ಟುಕೊಂಡು ಹೋಗಬಹುದೇ, ಪ್ರಸಾದ ಕೊಟ್ಟರೆ ತೆಗೆದುಕೊಳ್ಳಬಹುದೇ ಎಂದು. ಇಷ್ಟನ್ನೆಲ್ಲ ಟೈಪ್ ಮಾಡುವುದು ನನ್ನಿಂದಾಗದು, ಆದ್ದರಿಂದ ಮಾತಿನಲ್ಲೇ ಹೇಳುತ್ತಿದ್ದೇನೆ. ಸ್ವಲ್ಪ ಉದ್ದವಾಗುತ್ತದೆ, ಬಿಡುವಾದಾಗ ಕೇಳಿ.

ಕೊನೆಯ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ಅಲ್ಲಿ ನಾನೇ ಎಡವಿದ್ದೇನೆ. ನನ್ನ ಮದುವೆಯಾದ ಹೊಸತರಲ್ಲಿ ನಿಮ್ಮ ಮಾವನ ಆಫೀಸಿನವರೊಬ್ಬರ ಮಗಳ ಮದುವೆಗೆಂದು ಬೆಂಗಳೂರಿನ ಒಂದು ಚರ್ಚಿಗೆ ಹೋಗಿದ್ದೆವು. ಬಲಿಪೂಜೆ, ಅಂದರೆ ಕಥೋಲಿಕ ಕ್ರೈಸ್ತರು ಮಾಸ್ ಎನ್ನುವ ಪೂಜೆ, ಕನ್ನಡದಲ್ಲಿತ್ತು. ಪರಮಪ್ರಸಾದ ಸ್ವೀಕರಿಸುವವರು ಮುಂದೆ ಬರಬೇಕು ಎಂದಾಗ ನನ್ನ ಕಿವಿಗೆ ಬಿದ್ದದ್ದು ಪ್ರಸಾದ ಎಂಬ ಮಾತೊಂದೇ. ಸಾಲಿನಲ್ಲಿ ನಿಂತೆ. ಹಳೆಯ ಒಂದು ರೂಪಾಯಿ ನಾಣ್ಯದಷ್ಟಗಲದ, ಹಪ್ಪಳಕ್ಕಿಂತ ತೆಳುವಾದ ಬಿಳಿಯ ಬಿಲ್ಲೆಯನ್ನು ಎತ್ತಿ ಹಿಡಿದು ಫಾದರ್ ‘ಕ್ರಿಸ್ತರ ಶರೀರ’ ಎಂದರು. ‘ಆಮೆನ್’ ಎನ್ನಬೇಕಾದಲ್ಲಿ ನಾನು ನಮಸ್ಕಾರ ಎಂದೆ. ಅಷ್ಟಕ್ಕೇ ಮುಗಿಯಲಿಲ್ಲ. ಮನೆಯಲ್ಲಿದ್ದ ಅತ್ತೆಯವರಿಗೂ ಇರಲಿ ಎಂದು ಅದನ್ನು ಬಾಯಿಗೆ ಹಾಕಿಕೊಳ್ಳದೆ ಕರವಸ್ತ್ರದಲ್ಲಿ ಸುತ್ತಿ ಪರ್ಸಿನಲ್ಲಿಟ್ಟೆ. ಪಕ್ಕದ ಬೆಂಚಿನ ವೃದ್ಧೆಯೊಬ್ಬರು ಎದ್ದು ಬಂದು, ಏನೂ ಹೇಳದೆ ನನ್ನ ಮುಂದೆ ಅಂಗೈ ಚಾಚಿದರು. ಕರವಸ್ತ್ರ ಬಿಚ್ಚಿ ಕೊಟ್ಟೆ. ಅವರು ಅದನ್ನು ಎರಡೂ ಕೈಗಳಲ್ಲಿ ಹಿಡಿದು ಫಾದರ್ ಬಳಿಗೆ ಒಯ್ದರು, ಫಾದರ್ ಅಲ್ಲೇ ನಿಂತು ತಾವೇ ಸೇವಿಸಿದರು. ಯಾರೂ ಗದರಲಿಲ್ಲ, ಆದರೆ ಆ ವೃದ್ಧೆಯ ಕೈ ನಡುಗುತ್ತಿದ್ದುದನ್ನು ನೋಡಿದ ಮೇಲೆಯೇ ನಾನು ಎಂಥ ವಸ್ತುವನ್ನು ಪರ್ಸಿಗೆ ಸೇರಿಸಿದ್ದೆ ಎಂಬುದು ಹೊಳೆದದ್ದು.

ನಮ್ಮಲ್ಲಿ ಪ್ರಸಾದವೆಂದರೆ ಬಂದವರಿಗೆಲ್ಲ ಹಂಚುವಂಥದ್ದು, ಬೇಡ ಎಂದರೆ ಅಗೌರವ. ಅಲ್ಲಿ ಪರಮಪ್ರಸಾದವೆಂದರೆ ಪೂಜೆಯ ನಡುವೆ ಆ ರೊಟ್ಟಿ ಕ್ರಿಸ್ತನ ಶರೀರವೇ ಆಗಿದೆ ಎಂಬ ನಂಬಿಕೆಯಿಂದ, ಜ್ಞಾನಸ್ನಾನವೆಂಬ ದೀಕ್ಷೆ ಪಡೆದ ಕಥೋಲಿಕರು, ಒಂದು ಗಂಟೆ ಮೊದಲಿನಿಂದ ಉಪವಾಸವಿದ್ದು, ಗುರುತರ ಪಾಪವೇನಾದರೂ ಮನಸ್ಸಿನಲ್ಲಿದ್ದರೆ ಪಾಪನಿವೇದನೆ ಮುಗಿಸಿ ಸ್ವೀಕರಿಸುವಂಥದ್ದು. ಆದ್ದರಿಂದ ಆ ಹೊತ್ತಿನಲ್ಲಿ ನೀವು ಐವರೂ ಕುಳಿತಲ್ಲೇ ಕುಳಿತಿರಿ, ಸಾಲಿಗೆ ಹೋಗುವವರಿಗೆ ಕಾಲು ಮಡಚಿ ದಾರಿ ಬಿಡಿ. ಕಥೋಲಿಕರಲ್ಲೂ ಕೆಲವರು ಅಂದು ಏಳದೆ ಕುಳಿತಿರುತ್ತಾರೆ, ಹಾಗಾಗಿ ಯಾರೂ ನಿಮ್ಮನ್ನು ತಿರುಗಿ ನೋಡುವುದಿಲ್ಲ. ಬಾಗಿಲ ಬಳಿಯ ಬಟ್ಟಲಿನ ನೀರೂ ಅಷ್ಟೇ. ಅದರಲ್ಲಿ ಬೆರಳದ್ದಿ ಶಿಲುಬೆಯ ಗುರುತು ಮಾಡಿಕೊಳ್ಳುತ್ತಾರೆ. ತೀರ್ಥವೆಂದು ಅಂಗೈಯಲ್ಲಿ ಹಿಡಿದು ಕುಡಿಯಬೇಡಿ. ಇದನ್ನು ಮುಖ್ಯವಾಗಿ ಅತ್ತಿಗೆಗೆ ಹೇಳುತ್ತಿದ್ದೇನೆ.

ಚಪ್ಪಲಿಯ ಬಗ್ಗೆ ಹೆಚ್ಚು ಯೋಚಿಸಬೇಡಿ. ಮಂಗಳೂರಿನಲ್ಲಿ ಸಾಮಾನ್ಯವಾಗಿ ಹಾಕಿಕೊಂಡೇ ಒಳಗೆ ಹೋಗುತ್ತಾರೆ; ಬಾಗಿಲಲ್ಲಿ ಚಪ್ಪಲಿಗಳ ರಾಶಿ ಕಂಡರೆ ನೀವೂ ಬಿಡಿ. ಕುಂಕುಮಕ್ಕೆ ಅಡ್ಡಿಯಿಲ್ಲ, ಸೀರೆಯಂತೂ ಬಹಳ ಒಳ್ಳೆಯದು, ತೋಳು ಮತ್ತು ಭುಜ ಮುಚ್ಚಿರಲಿ. ಶಿಲುಬೆಯ ಗುರುತು ಮಾಡಲು ಬಾರದಿದ್ದರೆ ಅನುಕರಿಸಲು ಹೋಗದೆ ಕೈಮುಗಿಯಿರಿ. ಭಾರತದ ಬಿಷಪರು ಕೇಳಿಕೊಂಡ ಮೇಲೆ ವ್ಯಾಟಿಕನ್ 1969ರಲ್ಲಿ ಇಲ್ಲಿನ ಪೂಜೆಗೆ ಒಪ್ಪಿದ 12 ಅಂಶಗಳಲ್ಲಿ ಕೈಮುಗಿಯುವುದು, ಆರತಿ, ಎಣ್ಣೆಯ ದೀಪ, ಪಾದರಕ್ಷೆ ಕಳಚುವುದು ಎಲ್ಲವೂ ಇವೆ. ನಡುವೆ ಒಬ್ಬರಿಗೊಬ್ಬರು ಶಾಂತಿ ಕೋರುವಾಗಲೂ ಅಕ್ಕಪಕ್ಕದವರತ್ತ ತಿರುಗಿ ನಮಸ್ಕರಿಸಿದರೆ ಸಾಕು.

ಕಾಲು ಗಂಟೆ ಮೊದಲೇ ತಲುಪಿ, ಮುಂದಿನ ಸಾಲುಗಳನ್ನು ಮನೆಯವರಿಗೆ ಬಿಟ್ಟು ಹಿಂದೆ ಕುಳಿತುಕೊಳ್ಳಿ. ತಡವಾದರೆ ವಧುವಿನ ಮೆರವಣಿಗೆ ಅಥವಾ ಬೈಬಲಿನ ಶುಭಸಂದೇಶದ ವಾಚನ ಮುಗಿಯುವವರೆಗೆ ಹಿಂದೆಯೇ ನಿಂತಿರಿ. ಬೆಂಚಿನ ಕೆಳಗೆ ಒಂದು ಉದ್ದನೆಯ ಹಲಗೆ ಇರುತ್ತದೆ. ಅದು ಮೊಣಕಾಲೂರಲು, ಕಾಲಿಡಲು ಅಲ್ಲ, ಮಕ್ಕಳು ಅದರ ಮೇಲೆ ಚಪ್ಪಲಿಗಾಲು ಇಟ್ಟು ಕೂರದಂತೆ ನೋಡಿಕೊಳ್ಳಿ. ಎಲ್ಲರೂ ಎದ್ದಾಗ ಏಳಿ. ಗಂಟೆ ಬಾರಿಸಿ ಎಲ್ಲರೂ ಮೊಣಕಾಲೂರಿದಾಗ ನೀವು ಊರಲೇಬೇಕೆಂದಿಲ್ಲ, ಸುಮ್ಮನೆ ಕುಳಿತಿರಬಹುದು. ಆದರೆ ಇಡೀ ಪೂಜೆಯ ಅತ್ಯಂತ ಪವಿತ್ರ ಘಳಿಗೆ ಅದು, ಅಲ್ಲಿ ಪಿಸುಮಾತೂ ಬೇಡ, ಮೊಬೈಲ್ ಎತ್ತಿ ಹಿಡಿಯುವುದಂತೂ ಬೇಡವೇ ಬೇಡ. ಫೋಟೋ ತೆಗೆಯಲು ಅವರದೇ ಜನ ಇರುತ್ತಾರೆ. ಕಾಣಿಕೆಯ ಚೀಲ ಬಂದಾಗ ಹಾಕುವುದೂ ಬಿಡುವುದೂ ನಿಮ್ಮ ಇಷ್ಟ.

ಪೂಜೆ ಬಹುಶಃ ಕೊಂಕಣಿಯಲ್ಲಿರುತ್ತದೆ. ಹಾಡು, ಪ್ರಾರ್ಥನೆಗಳ ಪುಸ್ತಿಕೆ ಕೈಗೆ ಕೊಟ್ಟರೆ ಬೇಡ ಎನ್ನಬೇಡಿ, ಮಂಗಳೂರಿನ ಕಡೆ ಕೊಂಕಣಿಯನ್ನು ಕನ್ನಡ ಲಿಪಿಯಲ್ಲೇ ಅಚ್ಚು ಹಾಕುವುದರಿಂದ ಓದಲು ಬರುತ್ತದೆ, ಅರ್ಧದಷ್ಟು ಅರ್ಥವೂ ಆಗುತ್ತದೆ. ಒಂದು ಗಂಟೆಗಿಂತ ಸ್ವಲ್ಪ ಹೆಚ್ಚು ಹಿಡಿಯಬಹುದು, ಆಶೀರ್ವಾದ ಮುಗಿದು ವಧೂವರರು ಹೊರಗೆ ನಡೆಯುವವರೆಗೂ ಏಳಬೇಡಿ. ನನಗೇನು ತರಲಿ ಎಂದು ಅವಳು ಕೇಳಿದ್ದಾಳೆ. ಸಂಜೆ ಸಭಾಂಗಣದಲ್ಲಿ ಮದುವೆಯ ಕೇಕ್ ಹಂಚುತ್ತಾರೆ. ಅದರಲ್ಲಿ ಒಂದು ತುಂಡನ್ನು ಧಾರಾಳವಾಗಿ ಕರವಸ್ತ್ರದಲ್ಲಿ ಸುತ್ತಿ ತರಬಹುದು.