ಪದಚರ್ಚೆ: ‘ಸ್ಲೇವ್’ ಗುಲಾಮ ಸರಿ, ‘ಎನ್‌ಸ್ಲೇವ್ಡ್’ಗೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ನಾನು ನ್ಯೂಜೆರ್ಸಿಯಲ್ಲಿ ಎಂಟನೇ ತರಗತಿಗೆ ಅಮೆರಿಕದ ಇತಿಹಾಸ ಕಲಿಸುತ್ತೇನೆ. ಬೇಸಿಗೆ ರಜೆಯಲ್ಲಿ ನಮಗೆ ತರಬೇತಿ ಇರುತ್ತದೆ. ನನ್ನ ಅಕ್ಕ ಹಾಸನದ ಹತ್ತಿರ ಹೈಸ್ಕೂಲ್ ಟೀಚರ್. "ಅಲ್ಲಿ ನಿಮಗೆ ಏನು ಹೇಳಿಕೊಡ್ತಾರೋ ಅದನ್ನ ಕನ್ನಡದಲ್ಲಿ ಬರೆದು ಕಳಿಸು, ನಮ್ಮ ಟೀಚರ್‌ಗಳಿಗೂ ಓದಿಸ್ತೀನಿ" ಅಂದಳು. ಬರೆಯಲು ಕೂತವನು ಒಂದು ಪದದ ಹತ್ತಿರ ನಿಂತುಬಿಟ್ಟಿದ್ದೇನೆ.

ಇಲ್ಲಿಯ ತರಬೇತಿಯಲ್ಲಿ ಭಾಷಣ ಕಡಿಮೆ. 2001ರಲ್ಲಿ ಸೆನೆಟರ್ ರಾಬರ್ಟ್ ಬರ್ಡ್ ಅವರ ಒತ್ತಾಸೆಯಿಂದ ಸರ್ಕಾರ ಅಮೆರಿಕದ ಇತಿಹಾಸ ಕಲಿಸುವ ಶಿಕ್ಷಕರ ತರಬೇತಿಗೆಂದೇ ಅನುದಾನ ಕೊಡಲು ಶುರುಮಾಡಿತು. ಶಾಲೆಯ ಶಿಕ್ಷಕರು ಇತಿಹಾಸಕಾರರ ಜೊತೆ ಕೂತು ಹಳೇ ಕಾಗದಪತ್ರ ಓದುವ ಪದ್ಧತಿಗೆ ಅದರಿಂದ ಬಲ ಬಂತು. ಒಂದು ಪತ್ರ ಕೈಗೆ ಕೊಡುತ್ತಾರೆ. ಯಾರು ಬರೆದದ್ದು, ಯಾವಾಗ, ಯಾರಿಗಾಗಿ ಅಂತ ಮೊದಲು ನೋಡಬೇಕು. ಒಳಗಿನದು ಆಮೇಲೆ.

ನಾನು ಬರೆಯುತ್ತಿರುವುದು 1769ರ ಒಂದು ಜಾಹೀರಾತಿನ ಬಗ್ಗೆ. ವರ್ಜೀನಿಯಾ ಗೆಜೆಟ್ ಪತ್ರಿಕೆಗೆ ಕೊಟ್ಟವರು ಮುಂದೆ ಅಮೆರಿಕದ ಅಧ್ಯಕ್ಷರಾದ ಥಾಮಸ್ ಜೆಫರ್ಸನ್. ಸ್ಯಾಂಡಿ ಎಂಬ ಸ್ಲೇವ್ ಓಡಿಹೋಗಿದ್ದಾನೆ, ಸುಮಾರು 35 ವರ್ಷ, ಶೂ ಹೊಲಿಯುವ ಕಸುಬು, ಎಡಗೈ ಬಳಕೆ ಜಾಸ್ತಿ, ಒಂದು ಬಿಳಿ ಕುದುರೆ ಮತ್ತು ಕಸುಬಿನ ಸಾಮಾನು ಒಯ್ದಿದ್ದಾನೆ, ಹಿಡಿದುಕೊಟ್ಟವರಿಗೆ ಬಹುಮಾನ. ಏಳು ವರ್ಷದ ನಂತರ, ಎಲ್ಲ ಮನುಷ್ಯರೂ ಸಮಾನರು ಎಂದು ಸ್ವಾತಂತ್ರ್ಯ ಘೋಷಣೆಯಲ್ಲಿ ಬರೆದದ್ದೂ ಇದೇ ಕೈ. ಸ್ಯಾಂಡಿ ತನ್ನ ಉಳಿ, ಸೂಜಿ ಬಿಟ್ಟುಹೋಗಲಿಲ್ಲ, ದುಡಿದು ಬದುಕುವ ಲೆಕ್ಕ ಹಾಕಿಯೇ ಹೊರಟಿದ್ದ. ಅವನ ಬಗ್ಗೆ ಹೀಗೆ ಯೋಚಿಸಲು ನನಗೆ ಕಲಿಸಿದ್ದು ಆ ತರಬೇತಿ.

ಅಲ್ಲಿ ಒಂದು ನಿಯಮ ಹೇಳಿಕೊಡುತ್ತಾರೆ. ಪತ್ರದ ಮಾತನ್ನು ಓದುವಾಗ ‘ಸ್ಲೇವ್’ ಅಂತಲೇ ಓದಿ, ಅದು ಯಜಮಾನನ ಪದ. ನೀವು ಮಾತಾಡುವಾಗ ‘ಎನ್‌ಸ್ಲೇವ್ಡ್ ಪರ್ಸನ್’ ಅನ್ನಿ. ಗುಲಾಮಗಿರಿ ಅವನ ಗುಣವಲ್ಲ, ಇನ್ನೊಬ್ಬರು ಅವನಿಗೆ ಮಾಡಿದ್ದು. ಅಂದರೆ ನನಗೆ ಕನ್ನಡದಲ್ಲಿ ಎರಡು ಪದ ಬೇಕು. ಮೊದಲನೆಯದಕ್ಕೆ ‘ಗುಲಾಮ’ ಇದೆ. ಎರಡನೆಯದಕ್ಕೆ?

‘ಗುಲಾಮರಾಗಿಸಲ್ಪಟ್ಟವರು’ ಅಂತ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ ಅಲ್ವಾ? ‘ಗುಲಾಮರನ್ನಾಗಿ ಮಾಡಿದ ಜನ’ ಎಂದರೆ ಇನ್ನೂ ತೊಂದರೆ. ಮಾಡಿದವರು ಆ ಜನವೋ, ಆ ಜನರನ್ನು ಬೇರೆಯವರು ಹಾಗೆ ಮಾಡಿದ್ದೋ? ನಮ್ಮ ವ್ಯಾಕರಣದಲ್ಲಿ ಎರಡೂ ಸರಿ! ‘ಹೊಡೆಸಿಕೊಂಡ’, ‘ಬೈಸಿಕೊಂಡ’ ಅನ್ನುವ ಚೆಂದದ ದಾರಿ ಕನ್ನಡದಲ್ಲಿದೆ. ಆದರೆ ‘ಗುಲಾಮರಾಗಿಸಿಕೊಂಡವರು’ ಎಂದರೆ ಅರ್ಥ ಪೂರಾ ತಿರುಗಿ ಯಜಮಾನರ ಕಡೆ ಹೋಗುತ್ತದೆ. ‘ಗುಲಾಮಗಿರಿಗೆ ಬಿದ್ದವರು’ ಎಂದರೆ ಸುಮ್ನೆ ಕಾಲು ಜಾರಿ ಬಿದ್ದಹಾಗೆ.

ಹಳೇ ಪದಗಳನ್ನೂ ನೋಡಿದೆ. ‘ದಾಸ’ ಎಂದಕೂಡಲೇ ಪುರಂದರದಾಸರು, ಕನಕದಾಸರು ಕಣ್ಣಮುಂದೆ ಬರುತ್ತಾರೆ. ಅದು ಒಲಿದು ಆಗುವ ದಾಸತನ. ‘ಜೀತ’ ಹತ್ತಿರದ ಪದ, ಓದುವವರಿಗೆ ನೋವೂ ತಟ್ಟುತ್ತದೆ. ಆದರೆ ನಮ್ಮ ಜೀತದ ಬೇರು ಸಾಲದಲ್ಲಿದೆ. ಜೆಫರ್ಸನ್ ಇದ್ದ ವರ್ಜೀನಿಯಾದಲ್ಲಿ ಸಾಲದ ಮಾತೇ ಇಲ್ಲ. ತಾಯಿ ಗುಲಾಮಳಾಗಿದ್ದರೆ ಹುಟ್ಟಿದ ಮಗುವೂ ಗುಲಾಮ ಎಂದು 1662ರಲ್ಲೇ ಕಾನೂನು ಮಾಡಿದ್ದರು. ನನಗನ್ನಿಸುವಂತೆ ‘ಜೀತ’ವನ್ನು, ಗುಲಾಮಗಿರಿ ರದ್ದಾದ 1865ರ ನಂತರದ ಕಾಲಕ್ಕೆ ಇಟ್ಟುಕೊಳ್ಳುವುದು ಒಳ್ಳೆಯದು. ಆಗ ಬಿಡುಗಡೆ ಪಡೆದ ಎಷ್ಟೋ ಕುಟುಂಬಗಳು ಹಳೇ ಯಜಮಾನರ ಹೊಲವನ್ನೇ ಪಾಲಿಗೆ ಮಾಡಿ, ಬೀಜ ಗೊಬ್ಬರದ ಸಾಲ ತೀರಿಸಲಾಗದೆ ಅಲ್ಲೇ ಸಿಕ್ಕಿಕೊಂಡವು. ಅಕ್ಕನ ಊರಿನವರಿಗೆ ಅದು ವಿವರಣೆ ಇಲ್ಲದೆ ಅರ್ಥವಾಗುತ್ತದೆ.

ಸದ್ಯಕ್ಕೆ ‘ಜೆಫರ್ಸನ್ ಗುಲಾಮಗಿರಿಯಲ್ಲಿ ಇಟ್ಟುಕೊಂಡಿದ್ದ ಸ್ಯಾಂಡಿ’ ಎಂದು ಬರೆದಿದ್ದೇನೆ. ಮಾಡಿದವರ ಹೆಸರು ಇದ್ದಾಗ ಇದು ಚೆನ್ನಾಗಿ ನಿಲ್ಲುತ್ತದೆ. ಹೆಸರಿಲ್ಲದೆ ಲಕ್ಷಾಂತರ ಜನರ ಬಗ್ಗೆ ಹೇಳುವಾಗ ಕೈಕೊಡುತ್ತದೆ. ಆ ಯಜಮಾನನಿಗೂ ಪದ ಬೇಕು. ‘ಒಡೆಯ’, ‘ಧಣಿ’ ಎರಡರಲ್ಲೂ ಗೌರವ ಅಂಟಿಕೊಂಡಿದೆ, ನನಗೆ ಒಪ್ಪುತ್ತಿಲ್ಲ.

ಇನ್ನೊಂದು ಚಿಕ್ಕದು. ‘ಪ್ರೈಮರಿ ಸೋರ್ಸ್’ಗೆ, ಅಂದರೆ ಈ ಜಾಹೀರಾತಿನ ಹಾಗೆ ಆ ಕಾಲದವರೇ ಬರೆದಿಟ್ಟದ್ದಕ್ಕೆ, ‘ಪ್ರಾಥಮಿಕ ಆಕರ’ ಎಂದು ಬರೆದರೆ, ಅಕ್ಕ ಅದನ್ನು ಪ್ರಾಥಮಿಕ ಶಾಲೆಯ ಸಾಮಗ್ರಿ ಅಂದುಕೊಂಡಳು. ‘ಮೂಲ ಆಧಾರ’ ಎಂದು ಬದಲಾಯಿಸಿದೆ. ಶಾಸನದ ಉದಾಹರಣೆ ಕೊಟ್ಟಮೇಲೆ ತಕರಾರಿಲ್ಲ.

ನಿಮ್ಮ ಊರಿನ ಮಾತಿನಲ್ಲಿ, ಯಾರೋ ಬಲವಂತದಿಂದ ಆಳಾಗಿ ಹಿಡಿದಿಟ್ಟುಕೊಂಡವರನ್ನು ಕರೆಯುವ ಪದ ಇದೆಯೇ? ‘ಸೆರೆಯಾಳು’ ಪದವನ್ನು ಈ ಅರ್ಥಕ್ಕೆ ಎಳೆದುಕೊಳ್ಳಬಹುದೇ, ಅಥವಾ ಅದು ಯುದ್ಧಕ್ಕೇ ಅಂಟಿಕೊಂಡಿದೆಯೇ? ತಿಳಿದವರು ಬಳಕೆಯ ವಾಕ್ಯದ ಜೊತೆ ಬರೆಯಿರಿ. ಅಕ್ಕನ ಶಾಲೆ ಶುರುವಾಗುವುದರೊಳಗೆ ಕಳಿಸಬೇಕು.